ನಾಟಿ ಕೋಳಿ ಪ್ಯಾಕೆಟ್ ಮೇಲೆ ಏನು ಬರೆಯಬಹುದು, ಏನು ಬರೆಯಬಾರದು?

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಸ್ವಸಹಾಯ ಸಂಘದವರು, ಹನ್ನೆರಡು ಜನ ಹೆಂಗಸರು. ಮನೆಮನೆಯಲ್ಲಿ ನಾಟಿ ಕೋಳಿ, ಗಿರಿರಾಜ ಸಾಕುತ್ತೇವೆ. ಇಲ್ಲಿಯವರೆಗೆ ಜೀವಂತ ಕೋಳಿಯನ್ನೇ ಮಾರುತ್ತಿದ್ದೆವು. ಈಗ ಸುತ್ತಮುತ್ತಲಿನ ಹೋಂಸ್ಟೇಯವರು ಕೊಯ್ದು, ಕ್ಲೀನ್ ಮಾಡಿ ಕೊಡಿ ಎನ್ನುತ್ತಿದ್ದಾರೆ. ವಾರಕ್ಕೆ ಎರಡು ದಿನ, ದಿನಕ್ಕೆ ಮೂವತ್ತು ನಲವತ್ತು ಕೋಳಿ ಆಗಬಹುದು. ಅರಿಶಿನ ಹಚ್ಚಿ, ವ್ಯಾಕ್ಯೂಮ್ ಪ್ಯಾಕ್ ಮಾಡಿ, 'ಮಲೆನಾಡು ನಾಟಿ ಕೋಳಿ – ನೂರಕ್ಕೆ ನೂರು ನೈಸರ್ಗಿಕ, ಆ್ಯಂಟಿಬಯೋಟಿಕ್ ಮುಕ್ತ' ಎಂದು ಸ್ಟಿಕ್ಕರ್ ಅಂಟಿಸುವ ಯೋಚನೆ ಇದೆ. ಮನೆಯಲ್ಲಿ ಮಾಡುವುದಕ್ಕೆ ಲೈಸೆನ್ಸ್ ಬೇಡ ಎಂದು ಒಬ್ಬರು ಹೇಳಿದರು, ಲೈಸೆನ್ಸ್ ಇಲ್ಲದಿದ್ದರೆ ಜೈಲು ಎಂದು ಇನ್ನೊಬ್ಬರು ಹೆದರಿಸಿದರು. ಯಾವುದು ಸರಿ? ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಕಳಿಸಬಹುದೇ? ಮೊಟ್ಟೆಗೂ ಇದೇ ಕಾನೂನೇ?

ಉತ್ತರ: ನಿಮಗೆ ಹೇಳಿದ ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯ ಇದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 18ನೇ ಕಲಂ ರೈತನನ್ನೂ, ಅವನ ಸಾಕಣೆ ಕೆಲಸವನ್ನೂ, ಜಾನುವಾರುಗಳನ್ನೂ ಕಾಯ್ದೆಯಿಂದ ಹೊರಗಿಟ್ಟಿದೆ. ಹಿತ್ತಲಿನಲ್ಲಿ ಮೇಯುವ ಹ್ಯಾಟೆಯನ್ನು ಕಾಲು ಕಟ್ಟಿ ಸಂತೆಗೆ ಒಯ್ದು ಮಾರಿದರೆ ಆಹಾರ ಸುರಕ್ಷತಾಧಿಕಾರಿಗೆ ಅಲ್ಲಿ ಕೆಲಸವಿಲ್ಲ. ಇಷ್ಟು ವರ್ಷ ನೀವು ಮಾಡಿದ್ದು ಅದು. ಕೋಳಿ ಕೊಯ್ದು ಮಾಂಸ ಮಾರಲು ಹೊರಟ ದಿನ ನೀವು ರೈತರಷ್ಟೇ ಅಲ್ಲ, ಕಾನೂನಿನ ಭಾಷೆಯಲ್ಲಿ 'ಆಹಾರ ಉದ್ದಿಮೆದಾರರು' ಕೂಡ. ಜಾಗ ಮನೆಯದೋ ಬಾಡಿಗೆಯದೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ನಡುವೆ ಕತ್ತಿ ಬಂತೋ ಇಲ್ಲವೋ ಎಂಬುದಷ್ಟೇ ಲೆಕ್ಕ.

ಹಾಗೆಂದು ಹೆದರುವ ಅಗತ್ಯವೇನೂ ಇಲ್ಲ. 2011ರ ಲೈಸೆನ್ಸ್ ಮತ್ತು ನೋಂದಣಿ ನಿಯಮಾವಳಿಯ ಪ್ರಕಾರ ದಿನಕ್ಕೆ 50 ಕೋಳಿಯವರೆಗೆ ಕೊಯ್ಯುವವರಿಗೆ ಲೈಸೆನ್ಸ್ ಬೇಡ, ನೋಂದಣಿ ಸಾಕು. 50 ದಾಟಿ 1000ದವರೆಗೆ ರಾಜ್ಯದ ಲೈಸೆನ್ಸ್, ಅದಕ್ಕೂ ಮೇಲೆ ಕೇಂದ್ರದ್ದು. ನೀವು ಮೂವತ್ತು ನಲವತ್ತು ಎಂದಿದ್ದೀರಿ, ನೋಂದಣಿಯೊಳಗೇ ಬರುತ್ತೀರಿ. ಆದರೆ ಇದು ದಿನದ ಲೆಕ್ಕ, ವಾರದ ಸರಾಸರಿ ಅಲ್ಲ. ಐದು ದಿನ ಸುಮ್ಮನಿದ್ದು ಸಾಗರದ ಮಾರಿಕಾಂಬಾ ಜಾತ್ರೆಯ ದಿನ ಇನ್ನೂರು ಕೋಳಿ ಕೊಯ್ದರೆ ಆ ಒಂದು ದಿನದ ಮಟ್ಟಿಗೆ ನೀವು ಮಿತಿ ದಾಟಿದ ಹಾಗೆ. ಜಾತ್ರೆ, ಹೊಸತೊಡಕಿನ ಆರ್ಡರ್‌ಗಳನ್ನು ಒಪ್ಪಿಕೊಳ್ಳುವ ಮುಂಚೆ ಇದನ್ನು ತಲೆಯಲ್ಲಿಡಿ. ವಹಿವಾಟಿನ ಮಿತಿಯೂ ಒಂದಿದೆ. ಅದು ತಿದ್ದುಪಡಿಯಾಗುತ್ತಿರುವುದರಿಂದ ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ಮೊತ್ತ ನೋಡಿಕೊಳ್ಳಿ.

ನೋಂದಣಿ ಸಿಗುವುದು ಜಾಗಕ್ಕೆ, ಸಂಘಕ್ಕಲ್ಲ. ಹನ್ನೆರಡು ಮನೆಯ ಹಿತ್ತಲಲ್ಲಿ ಹನ್ನೆರಡು ಜನ ಕೊಯ್ದರೆ ಹನ್ನೆರಡು ನೋಂದಣಿ ಬೇಕಾಗುತ್ತದೆ. ಸಾಕಣೆ ಅವರವರ ಮನೆಯಲ್ಲೇ ಇರಲಿ, ಕೊಯ್ಯುವುದು ಮಾತ್ರ ಒಂದು ಶೆಡ್‌ನಲ್ಲಿ ನಡೆಯಲಿ. ಅರ್ಜಿ ಹಾಕಬೇಕಾದದ್ದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಫೊಸ್ಕೊಸ್ ಪೋರ್ಟಲ್‌ನಲ್ಲಿ, ಫಾರ್ಮ್ ಎ ತುಂಬಿ. 2011ರ ನಿಯಮ ನಿಗದಿ ಮಾಡಿದ ಶುಲ್ಕ ವರ್ಷಕ್ಕೆ 100 ರೂಪಾಯಿ. ಇದಕ್ಕೆ ಎರಡು ಮೂರು ಸಾವಿರ ಕೇಳುವ ಏಜೆಂಟರು ಊರೂರಲ್ಲೂ ಇದ್ದಾರೆ, ಆ ದುಡ್ಡಲ್ಲಿ ಒಳ್ಳೆಯ ಥರ್ಮಾಮೀಟರ್ ತೆಗೆದುಕೊಳ್ಳಿ. ಅರ್ಜಿ ತಲುಪಿದ 7 ದಿನದೊಳಗೆ ಅಧಿಕಾರಿ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ಬರೆದು ನಿರಾಕರಿಸಬೇಕು, ಇಲ್ಲವೇ ಸ್ಥಳ ತಪಾಸಣೆಗೆ ನೋಟಿಸ್ ಕೊಡಬೇಕು. ಸಿಗುವ ಸಂಖ್ಯೆ 14 ಅಂಕಿಯದು. ನೋಂದಣಿಯಾದರೆ ಮೊದಲ ಅಂಕಿ 2, ಲೈಸೆನ್ಸ್ ಆದರೆ 1. ಹೋಂಸ್ಟೇಗೆ ಕೊಡುವ ಬಿಲ್ಲಿನ ಮೇಲೂ ಈ ಸಂಖ್ಯೆ ಇರಬೇಕು, 2022ರ ಜನವರಿಯಿಂದ ಅದು ಕಡ್ಡಾಯ. ಗ್ರಾಮ ಪಂಚಾಯಿತಿಯ ಅನುಮತಿ ಬೇರೆಯೇ, ಅದನ್ನೂ ಪಡೆಯಿರಿ. ಅಂದಹಾಗೆ, ನೋಂದಣಿ ಸಂಖ್ಯೆ ಎಂದರೆ ಸರ್ಕಾರ ನಿಮ್ಮ ಮಾಂಸ ಪರೀಕ್ಷಿಸಿ ಒಳ್ಳೆಯದೆಂದು ಹೇಳಿದೆ ಎಂದಲ್ಲ. ಏನಾದರೂ ಹೆಚ್ಚುಕಮ್ಮಿಯಾದರೆ ಯಾರ ಮನೆ ಬಾಗಿಲು ತಟ್ಟಬೇಕು ಎಂಬುದು ಸರ್ಕಾರಕ್ಕೆ ಗೊತ್ತಿದೆ ಎಂದು, ಅಷ್ಟೇ.

ಇನ್ನು ಶೆಡ್. ಮಾಂಸದ ಘಟಕಗಳ ನೈರ್ಮಲ್ಯಕ್ಕೆಂದೇ ಆ ನಿಯಮಾವಳಿಯ 4ನೇ ಅನುಸೂಚಿಯಲ್ಲಿ ಒಂದು ಭಾಗ ಇದೆ. ಗೋಡೆಗೆ ನೆಲದಿಂದ ಕನಿಷ್ಠ 5 ಅಡಿಯವರೆಗೆ ನೀರು ಹೀರದ ಹೊದಿಕೆ, ಅಂದರೆ ಟೈಲ್ಸ್ ಥರದ್ದು. ತುಕ್ಕು ಹಿಡಿಯದ ಸ್ಟೀಲಿನ ಚಾಕು ಮತ್ತು ಕೊಕ್ಕೆ. ತಾನಾಗಿ ಮುಚ್ಚಿಕೊಳ್ಳುವ ಬಾಗಿಲು. ಕೆಲಸ ಮಾಡುವವರಿಗೆ ವೈದ್ಯಕೀಯ ತಪಾಸಣೆ. ಓದುತ್ತಾ ಹೋದರೆ ಪಟ್ಟಿ ಉದ್ದವಿದೆ. ಹನ್ನೆರಡು ಹೆಂಗಸರ ಸಂಘಕ್ಕೂ ದೊಡ್ಡ ಅಂಗಡಿಗೂ ಒಂದೇ ಭಾಷೆಯಲ್ಲಿ ಬರೆದಿದ್ದಾರೆ ಎಂಬ ತಕರಾರು ನನಗೂ ಇದೆ. ಆದರೆ ನಿಮ್ಮ ಕಡೆ ನನಗೆ ನಿಜವಾಗಿ ಚಿಂತೆ ಇರುವುದು ಟೈಲ್ಸ್ ಬಗ್ಗೆ ಅಲ್ಲ, ನೀರಿನ ಬಗ್ಗೆ. ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರು ಬೇಸಿಗೆಯಲ್ಲಿ ಕನ್ನಡಿಯ ಹಾಗಿರುತ್ತದೆ, ಆಷಾಢದಲ್ಲಿ ಚಹಾದ ಬಣ್ಣಕ್ಕೆ ತಿರುಗುತ್ತದೆ. ಮೇಲ್ಗಡೆ ದನ ಮೇಯುತ್ತವೆ, ಕಾಡುಪ್ರಾಣಿ ಓಡಾಡುತ್ತವೆ. ಕಾನೂನು ಕೇಳುವುದು ಕುಡಿಯಲು ಯೋಗ್ಯವಾದ ನೀರು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಯ ನಡುವೆ ಒಮ್ಮೆ ನೀರಿನ ಪರೀಕ್ಷೆ ಮಾಡಿಸಿ, ವರದಿಯನ್ನು ಶೆಡ್ ಗೋಡೆಗೆ ಅಂಟಿಸಿಡಿ. ಟ್ಯಾಂಕಿಗೆ ಕ್ಲೋರಿನ್ ಹಾಕುವ ಕೆಲಸ ಒಬ್ಬರಿಗೇ ವಹಿಸಿ. ಎಲ್ಲರ ಕೆಲಸ ಎಂದಿಟ್ಟರೆ ಯಾರೂ ಹಾಕುವುದಿಲ್ಲ.

ಕೋಳಿ ಕೊಯ್ಯುವುದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಮನೆಗೆಂದು ಕೊಯ್ಯುವಾಗ ಗಮನಿಸದೆ ಬಿಟ್ಟಿರಬಹುದಾದ ಎರಡು ಸಂಗತಿ ಮಾತ್ರ ಹೇಳುತ್ತೇನೆ. ಹಿಂದಿನ ರಾತ್ರಿಯಿಂದ ಕಾಳು ನಿಲ್ಲಿಸಿ, ಎಂಟರಿಂದ ಹನ್ನೆರಡು ಗಂಟೆ, ನೀರು ಮಾತ್ರ ಇರಲಿ. ತುಂಬಿದ ಕರುಳು ಬೆರಳಿಗೆ ಸಿಕ್ಕಿ ಒಡೆದರೆ ಅದರೊಳಗಿನ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಆ ಕೋಳಿಗಷ್ಟೇ ನಿಲ್ಲುವುದಿಲ್ಲ, ಚಾಕು, ಹಲಗೆ, ಪಕ್ಕದ ಹತ್ತು ಕೋಳಿಗೆ ಹಬ್ಬುತ್ತದೆ. ಎರಡನೆಯದು, ಬಿಸಿ. ಮನೆಯಲ್ಲಿ ಕೊಯ್ದ ಕೋಳಿ ಎರಡು ಗಂಟೆಯಲ್ಲಿ ಸಾರಿನೊಳಗೆ ಕುದಿಯುತ್ತಿರುತ್ತದೆ. ಪ್ಯಾಕೆಟ್ಟಿನ ಕೋಳಿ ಹಾಗಲ್ಲ. ಕೊಯ್ದ ಕೋಳಿಯ ಒಳಮೈ ಬೆಚ್ಚಗೇ ಇರುತ್ತದೆ, ಸುಮ್ಮನೆ ಫ್ರಿಜ್‌ಗೆ ತುರುಕಿದರೆ ಎದೆಯ ದಪ್ಪ ಭಾಗ ತಣ್ಣಗಾಗಲು ತುಂಬಾ ಹೊತ್ತು ಹಿಡಿಯುತ್ತದೆ. ಶುದ್ಧ ನೀರಿನ ಐಸ್ ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ, ಎದೆಮಾಂಸಕ್ಕೆ ಥರ್ಮಾಮೀಟರ್ ಚುಚ್ಚಿ 4 ಡಿಗ್ರಿ ತೋರಿಸಿದ ಮೇಲೆ ಪ್ಯಾಕ್ ಮಾಡಿ.

ವ್ಯಾಕ್ಯೂಮ್ ಪ್ಯಾಕ್ ಬಗ್ಗೆ ನಮ್ಮಲ್ಲಿ ಒಂದು ಮೂಢನಂಬಿಕೆ ಬೆಳೆದಿದೆ. ಗಾಳಿ ತೆಗೆದರೆ ಕೆಡುವುದಿಲ್ಲ ಎಂದು. ಗಾಳಿ ಬೇಕಾದ ಬ್ಯಾಕ್ಟೀರಿಯಾಕ್ಕೆ ಅದು ತಡೆ ನಿಜ. ಗಾಳಿ ಇಲ್ಲದ ಕಡೆಯೇ ಹುಲುಸಾಗಿ ಬೆಳೆಯುವ ಕ್ಲಾಸ್ಟ್ರಿಡಿಯಂ ಜಾತಿಗಳಿಗೆ ಅದು ಆಹ್ವಾನ. ಹಳಸಿದ ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಸುಮ್ಮನಾಗುವುದರಿಂದ ಮೂಗಿಗೂ ಗೊತ್ತಾಗುವುದಿಲ್ಲ. ಅಲ್ಲಿ ಕಾಪಾಡುವುದು ತಂಪು ಮಾತ್ರ, ಪ್ಲಾಸ್ಟಿಕ್ ಅಲ್ಲ. ಜುಲೈನಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿರುವುದು ನಿಮ್ಮೂರಿನಲ್ಲಿ ಸುದ್ದಿಯೇ ಅಲ್ಲ. ಆದ್ದರಿಂದ ಜನರೇಟರ್ ಇಲ್ಲದೆ ಫ್ರೋಜನ್ ವ್ಯಾಪಾರಕ್ಕೆ ಇಳಿಯಬೇಡಿ ಎಂಬುದು ನನ್ನ ಖಡಕ್ ಸಲಹೆ. ಫ್ರೋಜನ್ ಎಂದರೆ ಮೈನಸ್ 18 ಡಿಗ್ರಿ. ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಿ ಮಾರುವಂತಿಲ್ಲ. ಆರ್ಡರ್ ಬಂದಷ್ಟೇ ಕೊಯ್ದು ಅದೇ ದಿನ ಹೋಂಸ್ಟೇಗೆ ತಲುಪಿಸುವುದೇ ನಿಮಗೆ ಒಗ್ಗುವ ದಾರಿ.

ಅರಿಶಿನದ ವಿಷಯಕ್ಕೆ ಬರುತ್ತೇನೆ. ಪುಕ್ಕ ತೆಗೆದು, ಬೆಂಕಿಯಲ್ಲಿ ಸುಟ್ಟು, ಅರಿಶಿನ ಉಜ್ಜಿ ತೊಳೆಯುವುದು ನಮ್ಮ ಕಡೆಯ ಕ್ರಮ. ಆ ಹೊಗೆಯ ವಾಸನೆ ಇಲ್ಲದಿದ್ದರೆ ನಾಟಿ ಕೋಳಿ ಸಾರು, ಕಡುಬು ರುಚಿಸುವುದಿಲ್ಲ ಎನ್ನುವವರ ಪೈಕಿ ನಾನೂ ಒಬ್ಬ. ಕಾನೂನಿಗೆ ಸುಟ್ಟದ್ದರ ಬಗ್ಗೆ ತಕರಾರಿಲ್ಲ. ಆದರೆ ಅರಿಶಿನ ಮಾಂಸದ ಮೇಲೆ ಉಳಿದು ಪ್ಯಾಕೆಟ್ಟಿಗೆ ಹೋಯಿತೆಂದರೆ ಅದು ಒಂದೇ ಪದಾರ್ಥದ ಆಹಾರವಾಗಿ ಉಳಿಯುವುದಿಲ್ಲ, 'ಪದಾರ್ಥಗಳು: ಕೋಳಿ ಮಾಂಸ, ಅರಿಶಿನ' ಎಂದು ಬರೆಯಬೇಕಾಗುತ್ತದೆ. ಬರೆಯುವುದೇನು ಕಷ್ಟವಲ್ಲ, ಮರೆಯಬೇಡಿ ಅಷ್ಟೇ. ಉಪ್ಪು, ಖಾರ, ಮೊಟ್ಟೆ ಹಚ್ಚಿ 'ಕಬಾಬ್‌ಗೆ ರೆಡಿ' ಪ್ಯಾಕ್ ಮಾಡುವ ಆಸೆ ಹುಟ್ಟಿದರೆ ಲೆಕ್ಕ ಇನ್ನೂ ಬೇರೆ. ಆಗ ಪೌಷ್ಟಿಕಾಂಶದ ಮಾಹಿತಿ ಬೇಕು, ಮೊಟ್ಟೆ ಇದ್ದರೆ ಅಲರ್ಜಿ ಸೂಚನೆ ಬೇಕು, ಕೃತಕ ಬಣ್ಣ ಮಾತ್ರ ಸುತರಾಂ ಕೂಡದು. 2024ರ ಜೂನ್‌ನಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 39 ಕಬಾಬ್ ಮಾದರಿ ಪರೀಕ್ಷಿಸಿ, 8ರಲ್ಲಿ ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್‌ನಂಥ ಬಣ್ಣ ಸಿಕ್ಕ ಮೇಲೆ ಕಬಾಬ್‌ಗೆ ಕೃತಕ ಬಣ್ಣ ಬಳಸುವುದನ್ನು ರಾಜ್ಯದಾದ್ಯಂತ ನಿಷೇಧಿಸಿತು. ನಿಮ್ಮಿಂದ ಕೋಳಿ ಕೊಳ್ಳುವ ಹೋಂಸ್ಟೇಯವರಿಗೂ ಇದನ್ನು ಕಿವಿಮಾತಾಗಿ ಹೇಳಿ.

ಈಗ ಸ್ಟಿಕ್ಕರ್. ಗಿರಾಕಿಯ ಕಣ್ಣೆದುರೇ ಕೊಯ್ದು ಕವರಿಗೆ ಹಾಕಿಕೊಟ್ಟರೆ ಲೇಬಲ್ಲಿನ ಪ್ರಶ್ನೆ ಬರುವುದಿಲ್ಲ. ಮೊದಲೇ ತೂಕ ಮಾಡಿ, ಮುಚ್ಚಿ ಇಟ್ಟದ್ದನ್ನು ಮಾರಿದರೆ 2020ರ ಲೇಬಲಿಂಗ್ ಮತ್ತು ಪ್ರದರ್ಶನ ನಿಯಮಾವಳಿಯೂ, ಕಾನೂನು ಮಾಪನಶಾಸ್ತ್ರದ, ಅಂದರೆ ತೂಕ ಅಳತೆಯ, ಪ್ಯಾಕೇಜ್ ನಿಯಮಗಳೂ ಎರಡೂ ಅನ್ವಯ. ಪದಾರ್ಥದ ಹೆಸರು, ನಿಮ್ಮ ಘಟಕದ ಹೆಸರು ವಿಳಾಸ, ಎಫ್‌ಎಸ್‌ಎಸ್‌ಎಐ ಲಾಂಛನ ಮತ್ತು ಸಂಖ್ಯೆ, ನಿವ್ವಳ ತೂಕ, ಬ್ಯಾಚ್, ಪ್ಯಾಕ್ ಮಾಡಿದ ದಿನ, ಎಷ್ಟರೊಳಗೆ ಬಳಸಬೇಕು, ಯಾವ ತಂಪಿನಲ್ಲಿ ಇಡಬೇಕು, ಎಲ್ಲ ತೆರಿಗೆ ಸೇರಿದ ಬೆಲೆ, ದೂರು ಹೇಳಲು ಫೋನ್ ನಂಬರ್. ಮಾಂಸಾಹಾರದ ಗುರುತು ಈಗ ಕಂದು ಚೌಕದೊಳಗಿನ ಕಂದು ತ್ರಿಕೋನ. ಹಳೆಯ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಕಂದು ಚುಕ್ಕೆಯ ಫೈಲೇ ಕೂತಿರುತ್ತದೆ, ಪ್ರಿಂಟಿಗೆ ಕೊಡುವಾಗ ನೋಡಿ. ಭಾಷೆಯದ್ದು ಇನ್ನೊಂದು ಕಿರಿಕಿರಿ. ಕಡ್ಡಾಯ ಮಾಹಿತಿ ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇರಬೇಕು, ಕನ್ನಡ ಅದರ ಜೊತೆಗೆ ಇರಬಹುದು. ಹೊಸನಗರದಲ್ಲಿ ಕೊಯ್ದು ತೀರ್ಥಹಳ್ಳಿಯಲ್ಲಿ ತಿನ್ನುವ ಕೋಳಿಗೆ ಕನ್ನಡ ಒಂದೇ ಸಾಲದು ಎಂಬ ಈ ನಿಯಮ ನನಗೆ ಹಿಡಿಸುವುದಿಲ್ಲ, ಆದರೆ ಇರುವುದು ಹಾಗೆ. ನೀವು ಎರಡರಲ್ಲೂ ಬರೆಸಿ, ಕನ್ನಡವನ್ನು ದೊಡ್ಡದಾಗಿಯೇ ಬರೆಸಿ. ತಕ್ಕಡಿಗೆ ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಲಿ. ಐಸ್ ನೀರಿನಿಂದ ಎತ್ತಿದ ಕೋಳಿಯನ್ನು ಸೋರಲು ಬಿಟ್ಟು ಆಮೇಲೆ ತೂಗಿ, ಇಲ್ಲದಿದ್ದರೆ ನೀರನ್ನು ಕೋಳಿಯ ದರಕ್ಕೆ ಮಾರಿದಂತಾಗುತ್ತದೆ.

ಇಷ್ಟು ಯಾರು ಬೇಕಾದರೂ ಮಾಡಬಹುದು. ನೀವು ಸಿಕ್ಕಿಬೀಳುವುದು ಆ ಚಂದದ ಸಾಲಿನಲ್ಲಿ.

'ನಾಟಿ' ಎಂಬ ಪದ ಮೊದಲು ತೆಗೆದುಕೊಳ್ಳಿ. ಗಿರಿರಾಜ ನಾಟಿ ಅಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ವಿಜ್ಞಾನಿಗಳು ಹಿತ್ತಲ ಸಾಕಣೆಗೆಂದು ಅಭಿವೃದ್ಧಿಪಡಿಸಿದ ತಳಿ ಅದು. ಹೆಸರಘಟ್ಟದಿಂದ ಬಂದ ಕಾವೇರಿಯೂ ಹಾಗೆಯೇ. ಬಣ್ಣದ ಪುಕ್ಕ, ಕಂದು ಮೊಟ್ಟೆ ಇದೆ ಎಂದು ಪೇಟೆಯಲ್ಲಿ ಎಲ್ಲವನ್ನೂ ನಾಟಿ ಎಂದು ಮಾರುತ್ತಾರೆ. ಪೇಟೆಯವರು ಬಾಯಲ್ಲಿ ಹೇಳುತ್ತಾರೆ, ನೀವು ಅಚ್ಚು ಹಾಕಿಸಿ ಅಂಟಿಸುತ್ತಿದ್ದೀರಿ. ಸುಳ್ಳು ಅಥವಾ ದಾರಿತಪ್ಪಿಸುವ ಲೇಬಲ್ ಇರುವ ಆಹಾರ 'ಮಿಸ್‌ಬ್ರಾಂಡೆಡ್', 52ನೇ ಕಲಂ ಪ್ರಕಾರ ದಂಡ 3 ಲಕ್ಷ ರೂಪಾಯಿವರೆಗೆ. ಗಿರಿರಾಜವನ್ನು 'ಗಿರಿರಾಜ ಕೋಳಿ' ಎಂದೇ ಬರೆಯಿರಿ, ಬೆಲೆ ಸ್ವಲ್ಪ ಕಡಿಮೆ ಇಡಿ. ಹಿತ್ತಲಲ್ಲಿ ಗೆದ್ದಲು, ಹುಳ ಹೆಕ್ಕಿ ಬೆಳೆದ ಗಿರಿರಾಜದ ರುಚಿಯಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ.

'ನೂರಕ್ಕೆ ನೂರು ನೈಸರ್ಗಿಕ' ಬಿಟ್ಟುಬಿಡಿ. ನೈಸರ್ಗಿಕ, ತಾಜಾ, ಶುದ್ಧ ಎಂಬಂಥ ಪದಗಳನ್ನು ಎಲ್ಲಿ ಬಳಸಬಹುದು ಎಂಬುದಕ್ಕೆ 2018ರ ಜಾಹೀರಾತು ಮತ್ತು ಹಕ್ಕುಸಾಧನೆ ನಿಯಮಾವಳಿ ಷರತ್ತು ಹಾಕಿದೆ. 'ಹಾರ್ಮೋನ್ ಮುಕ್ತ' ಎಂದು ಸೇರಿಸೋಣವೇ ಎಂದು ಯಾರಾದರೂ ಕೇಳಿದರೆ ಅದೂ ಬೇಡ. ಬಾಯ್ಲರ್ ಕೋಳಿ ಆರು ವಾರದಲ್ಲಿ ಎರಡು ಕಿಲೋ ಬರುವುದು ಹಾರ್ಮೋನ್ ಇಂಜೆಕ್ಷನ್ನಿನಿಂದಲ್ಲ, ದಶಕಗಟ್ಟಲೆ ತಳಿ ಆಯ್ಕೆ ಮತ್ತು ಲೆಕ್ಕಾಚಾರದ ಆಹಾರದಿಂದ. ಯಾರಲ್ಲೂ ಇಲ್ಲದ್ದನ್ನು ನಮ್ಮಲ್ಲಿಲ್ಲ ಎಂದು ಸಾರುವುದು ಪಕ್ಕದವರ ಮೇಲೆ ಸುಮ್ಮನೆ ಅನುಮಾನ ಹಬ್ಬಿಸುವ ಕೆಲಸ.

'ಆ್ಯಂಟಿಬಯೋಟಿಕ್ ಮುಕ್ತ' ಎಂಬುದೇ ಎಲ್ಲಕ್ಕಿಂತ ತೂಕದ ಮಾತು. ನಾನು ಪಶುವೈದ್ಯನಾಗಿ ಹಳ್ಳಿ ಸುತ್ತುತ್ತಿದ್ದಾಗಿನ ಒಂದು ದಿನ ಹೇಳುತ್ತೇನೆ. ಇನ್ನೂರು ಕೋಳಿ ಸಾಕಿದ್ದ ಮನೆ. ಔಷಧ ಏನಾದರೂ ಕೊಡುತ್ತೀರಾ ಎಂದೆ. 'ಏನೂ ಇಲ್ಲ ಸಾರ್, ಬರೀ ಟಾನಿಕ್' ಎಂದರು ಯಜಮಾನರು. ಗೂಡಿನ ಗೋಡೆಯ ಅಟ್ಟದ ಮೇಲೆ, ಮೆಂತ್ಯದ ಪೊಟ್ಟಣದ ಪಕ್ಕ, ಅರ್ಧ ಖಾಲಿಯಾದ ಒಂದು ಬಾಟಲಿ. ಎಣ್ಣೆ ಕೈ ತಾಗಿ ಚೀಟಿ ಮಾಸಿತ್ತು. ಅಂಗಿಯ ತುದಿಯಿಂದ ಒರೆಸಿ ಓದಿದರೆ ಎನ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್. ಅವರು ಸುಳ್ಳು ಹೇಳಿರಲಿಲ್ಲ. ಅಂಗಡಿಯವನು ಟಾನಿಕ್ ಎಂದೇ ಕೊಟ್ಟಿದ್ದ, ಮರಿಗಳಿಗೆ ಸೀನು ಬಂದಾಗೆಲ್ಲ ನೀರಿಗೆ ಒಂದು ಮುಚ್ಚಳ ಬೀಳುತ್ತಿತ್ತು. ಆ ಮನೆಯ ಕೋಳಿಗೆ ನಿಮ್ಮ ಸ್ಟಿಕ್ಕರ್ ಅಂಟಿಸಿದ್ದರೆ?

ಪಶುಔಷಧದ ಚೀಟಿಯ ಮೇಲೆ 'ವಿತ್‌ಡ್ರಾವಲ್ ಪೀರಿಯಡ್' ಎಂದು ಬರೆದಿರಬೇಕು, ಅಂದರೆ ಕೊನೆಯ ಡೋಸ್ ಕೊಟ್ಟ ಮೇಲೆ ಎಷ್ಟು ದಿನ ಬಿಟ್ಟು ಮಾಂಸವನ್ನೋ ಮೊಟ್ಟೆಯನ್ನೋ ಬಳಸಬಹುದು ಎಂಬ ಲೆಕ್ಕ. ಆ ಔಷಧಕ್ಕೆಂದು ಪರೀಕ್ಷಿಸಿ ನಿಗದಿಪಡಿಸಿದ ಅವಧಿ ಇಲ್ಲದಿದ್ದರೆ ಔಷಧ ನಿಯಮಗಳ ಪ್ರಕಾರ ಮೊಟ್ಟೆಗೆ ಕನಿಷ್ಠ 7 ದಿನ, ಕೋಳಿ ಮಾಂಸಕ್ಕೆ 28 ದಿನ. ಆರು ವಾರಕ್ಕೆ ಮಾರುವ ಬಾಯ್ಲರ್‌ಗೆ 28 ದಿನ ಎಂದರೆ ಎರಡನೇ ವಾರದ ನಂತರ ಮುಟ್ಟುವಂತೆಯೇ ಇಲ್ಲ. ಐದಾರು ತಿಂಗಳು ಬೆಳೆಯುವ ನಾಟಿ ಕೋಳಿಗೆ ಅಷ್ಟು ದಿನ ಕಾಯುವುದು ಕಷ್ಟವೇ ಅಲ್ಲ. ನಿಮ್ಮ ನಿಜವಾದ ಅನುಕೂಲ ಇಲ್ಲಿದೆ, ನೀವೇ ಗಮನಿಸಿಲ್ಲ. ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕೆಂದು ಸಾಕುವ ಪ್ರಾಣಿಗಳಿಗೆ ಕೊಡುವಂತಿಲ್ಲ, 2019ರ ಜುಲೈನಲ್ಲೇ ಕೇಂದ್ರ ನಿಷೇಧಿಸಿದೆ. ಅಂಗಡಿಯಲ್ಲಿ ಹಳೆಯ ಸ್ಟಾಕ್ ತೋರಿಸಿದರೆ ಮುಟ್ಟಬೇಡಿ. ಮರಿಗಳಿಗೆ ಹಾಕುವ ಸ್ಟಾರ್ಟರ್ ಫೀಡ್ ಚೀಲದ ಹಿಂಬದಿಯನ್ನೂ ಓದಿ, ರಕ್ತಭೇದಿ ತಡೆಯುವ ಔಷಧ ಹಲವು ಫೀಡ್‌ಗಳಲ್ಲಿ ಬೆರೆತೇ ಬರುತ್ತದೆ.

ಆದ್ದರಿಂದ ಸ್ಟಿಕ್ಕರ್‌ಗಿಂತ ಮೊದಲು ಹನ್ನೆರಡು ನೋಟ್‌ಬುಕ್ ಕೊಳ್ಳಿ. ಒಂದೊಂದು ಮನೆಗೆ ಒಂದು. ಮರಿ ಎಲ್ಲಿಂದ ಬಂತು, ಯಾವ ದಿನ. ಕೊಕ್ಕರೆ ರೋಗದ ಲಸಿಕೆ ಯಾವಾಗ (ಲಸಿಕೆ ಆ್ಯಂಟಿಬಯೋಟಿಕ್ ಅಲ್ಲ, ಧೈರ್ಯವಾಗಿ ಹಾಕಿಸಿ). ಯಾವ ಫೀಡ್, ಬ್ಯಾಚ್ ಏನು. ಔಷಧ ಕೊಟ್ಟಿದ್ದರೆ ಹೆಸರು, ಕೊನೆಯ ದಿನ. ಔಷಧ ಬಿದ್ದ ಕೋಳಿಯ ಕಾಲಿಗೆ ಕೆಂಪು ದಾರ ಕಟ್ಟಿ. ದಾರ ಇರುವ ಕೋಳಿ 28 ದಿನ ಶೆಡ್‌ಗೆ ಬರಕೂಡದು. ಪ್ಯಾಕೆಟ್ಟಿನ ಬ್ಯಾಚ್ ನಂಬರಿನಲ್ಲಿ ಮನೆಯ ಕ್ರಮಾಂಕ ಸೇರಿಸಿ: 7ನೇ ಮನೆಯ ಕೋಳಿ ಎಂದು ಬೆಂಗಳೂರಿನವರು ಫೋನ್ ಮಾಡಿದರೆ ಎರಡು ನಿಮಿಷದಲ್ಲಿ ಪುಸ್ತಕ ತೆಗೆದು ಓದಿಹೇಳುವಂತಿರಬೇಕು. ಒಂದು ವರ್ಷ ಹೀಗೆ ಬರೆದು, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಮಾಂಸದಲ್ಲಿ ಔಷಧ ಉಳಿದಿದೆಯೇ ಎಂಬ ಶೇಷಾಂಶ ಪರೀಕ್ಷೆಯನ್ನೂ ಮಾಡಿಸಿದ ಮೇಲೆ 'ಆ್ಯಂಟಿಬಯೋಟಿಕ್' ಸಾಲಿನ ಬಗ್ಗೆ ಮಾತಾಡೋಣ. ಅಲ್ಲಿಯವರೆಗೆ 'ಹಿತ್ತಲಲ್ಲಿ ಮೇಯಿಸಿದ ಕೋಳಿ' ಎಂದು ಬರೆದರೆ ಸಾಕು, ಅದು ನಿಜ, ಯಾರು ಬಂದರೂ ತೋರಿಸಬಹುದು. ದಾರಿತಪ್ಪಿಸುವ ಜಾಹೀರಾತಿಗೆ 53ನೇ ಕಲಂನಲ್ಲಿ 10 ಲಕ್ಷದವರೆಗೆ ದಂಡವಿದೆ. ಹಣ ಕೊಟ್ಟು ಕೊಂಡ ಯಾವ ಗಿರಾಕಿ ಬೇಕಾದರೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಲು 40ನೇ ಕಲಂ ಅವಕಾಶ ಕೊಟ್ಟಿದೆ. ಬೆಂಗಳೂರಿನಲ್ಲಿ ಅಂಥ ಗಿರಾಕಿಗಳು ಹೆಚ್ಚುತ್ತಿದ್ದಾರೆ.

ಬೆಂಗಳೂರು ಎಂದಾಗ ಬಸ್ಸು. ಥರ್ಮೋಕೋಲ್ ಪೆಟ್ಟಿಗೆಗೆ ಐಸ್ ತುಂಬಿ ರಾತ್ರಿ ಬಸ್ಸಿನ ಡಿಕ್ಕಿಗೆ ಹಾಕುವುದು ಮೀನಿನಿಂದ ಹಿಡಿದು ಎಲ್ಲದಕ್ಕೂ ರೂಢಿಯಾಗಿದೆ, ನನಗೂ ಗೊತ್ತು. ಆದರೆ ಜನ ಓಡಾಡುವ ವಾಹನದಲ್ಲಿ ಮಾಂಸ ಸಾಗಿಸಕೂಡದು ಎಂದು 4ನೇ ಅನುಸೂಚಿ ನೇರವಾಗಿಯೇ ಹೇಳುತ್ತದೆ. ಕಾನೂನು ಬಿಡಿ, ತರೀಕೆರೆ ದಾಟುವಷ್ಟರಲ್ಲಿ ಪೆಟ್ಟಿಗೆಯೊಳಗೆ ಎಷ್ಟು ಡಿಗ್ರಿ ಇತ್ತು ಎಂದು ನೀವು ಯಾರಿಗೂ ಹೇಳಲಾರಿರಿ. ಶೀತಲ ವಾಹನದ ವ್ಯವಸ್ಥೆ ಆಗುವವರೆಗೆ ಬೆಂಗಳೂರು ಬೇಡ. ಹೊಸನಗರ, ತೀರ್ಥಹಳ್ಳಿ, ಸಾಗರದ ಹೋಂಸ್ಟೇಗಳೇ ನಿಮ್ಮ ನಲವತ್ತು ಕೋಳಿಗೆ ಸಾಕು.

ಮೊಟ್ಟೆಯದ್ದು ಸುಲಭ. ನಿಮ್ಮ ಕೋಳಿ ಇಟ್ಟ ಮೊಟ್ಟೆಯನ್ನು ನೀವೇ ಮಾರಿದರೆ ರೈತರಿಗಿರುವ ವಿನಾಯಿತಿ ಅನ್ವಯಿಸುತ್ತದೆ. ಸಂಘ ಊರವರಿಂದ ಕೊಂಡು, ಟ್ರೇಗೆ ಜೋಡಿಸಿ, ಹೆಸರು ಹಾಕಿ ಮಾರಿದರೆ ಮೇಲೆ ಹೇಳಿದ ನೋಂದಣಿ, ಲೇಬಲ್ ಎಲ್ಲವೂ ಬೇಕು. 2025ರ ಡಿಸೆಂಬರ್‌ನಲ್ಲಿ ಮೊಟ್ಟೆಯಲ್ಲಿ ನೈಟ್ರೋಫ್ಯುರಾನ್ ಎಂಬ ಆ್ಯಂಟಿಬಯೋಟಿಕ್ ಇದೆ ಎಂದು ಎದ್ದ ಗದ್ದಲ ನಿಮ್ಮ ಗಿರಾಕಿಗಳ ತಲೆಯಲ್ಲಿ ಇನ್ನೂ ಇರಬಹುದು. ಆಗ ಎಫ್‌ಎಸ್‌ಎಸ್‌ಎಐ ಕೊಟ್ಟ ವಿವರಣೆ ಹೀಗಿತ್ತು: ಕೋಳಿ, ಮೊಟ್ಟೆ ಉತ್ಪಾದನೆಯ ಯಾವ ಹಂತದಲ್ಲೂ ಆ ಔಷಧಕ್ಕೆ ಅನುಮತಿ ಇಲ್ಲ. ಕಿಲೋಗೆ 1 ಮೈಕ್ರೋಗ್ರಾಂ ಎಂಬ ಅಂಕಿ ಪ್ರಯೋಗಾಲಯದ ಯಂತ್ರ ಅಳೆಯಬಲ್ಲ ಮಟ್ಟದಲ್ಲಿ, ಕ್ರಮ ಜರುಗಿಸಲೆಂದು ಎಳೆದ ಗೆರೆ, ಅಷ್ಟು ಬಳಸಬಹುದು ಎಂಬ ಪರವಾನಗಿ ಅಲ್ಲ. ಗಿರಾಕಿ ಕೇಳಿದರೆ ಇಷ್ಟನ್ನು ಹೇಳಿ, ನೋಟ್‌ಬುಕ್ ತೋರಿಸಿ. ಟ್ರೇಯ ಮೇಲೂ ಕಂದು ತ್ರಿಕೋನ ಬೇಕೇ ಎಂದು ಕೇಳುತ್ತೀರಿ, ಗೊತ್ತು. ಬೇಕು. ಈ ನಿಯಮದಲ್ಲಿ ಮೊಟ್ಟೆಯೂ ಮಾಂಸಾಹಾರವೇ.